ಚೇಸ್ಟ್ ಬೆರಿ ನಮ್ಮ ಹಿತ್ತಲ ಲಕ್ಕಿ ಅಲ್ಲ

ಮಾನ್ಯ ಸಂಪಾದಕರೇ,

ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಂತ ಒಬ್ಬ ಹುಡುಗಿ ಮೊಬೈಲಿನಲ್ಲಿ ಹುಡುಕಿದರೆ ಸಾಕು, ಚೇಸ್ಟ್ ಬೆರಿ ಎಂಬ ಕಾಯಿಯ ಜಾಹೀರಾತು ಬೆನ್ನು ಹತ್ತುತ್ತದೆ. ಕುಮಟಾ, ಶಿರಸಿ ಕಡೆಯೂ ಕಾಲೇಜಿಗೆ ಹೋಗುವ ಹುಡುಗಿಯರು, ಮದುವೆಯಾಗಿ ಇನ್ನೂ ಮಕ್ಕಳಾಗಿಲ್ಲ ಅಂತ ಒಳಗೊಳಗೇ ಕೊರಗುವವರು ಈ ಒಣಗಿದ ಕಾಯಿ ತರಿಸಿ ಕಷಾಯ ಮಾಡಿಕೊಂಡು ಕುಡಿಯುತ್ತಿದ್ದಾರೆ. ಕುಡಿಯಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಏನು ಕುಡಿಯುತ್ತಿದ್ದೇವೆ, ಯಾಕೆ ಕುಡಿಯುತ್ತಿದ್ದೇವೆ ಅನ್ನೋದು ಗೊತ್ತಿರಬೇಕು, ಅಲ್ವಾ?

'ಅದು ನಮ್ಮ ಲಕ್ಕಿ ಗಿಡವೇ, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ, ಬೇಲಿಯಲ್ಲೇ ಕಾಯಿ ಇದೆ' ಅನ್ನುವವರು ನಮ್ಮಲ್ಲಿ ಬಹಳ. ಅದೇ ಗಿಡ ಅಲ್ಲ. ಎರಡೂ ವೈಟೆಕ್ಸ್ ಎಂಬ ಒಂದೇ ಕುಲದವು, ದಾಯಾದಿಗಳು ಅನ್ನಿ. ಚೇಸ್ಟ್ ಬೆರಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಗಿಡ, ಎಲೆಗೆ ಐದರಿಂದ ಏಳು ಬೆರಳು. ನಮ್ಮ ಲಕ್ಕಿಗೆ ಮೂರು ಅಥವಾ ಐದು. ಗಿಡ ಎದುರಿಗಿದ್ದರೆ ಹೇಗೋ ಗುರುತು ಹಿಡಿಯಬಹುದು. ಒಣಗಿದ ಕಾಯಿ ಕೈಗೆ ಬಂದರೆ ಕಷ್ಟ. ಎರಡೂ ಎಳೆ ಮೆಣಸಿನ ಕಾಳಿನ ಹಾಗೆ ಉರುಟು, ಕಂದು ಕಪ್ಪು ಬಣ್ಣ, ಬುಡಕ್ಕೆ ಬೂದಿ ಬಣ್ಣದ ಪುಟ್ಟ ಟೊಪ್ಪಿ, ಉಜ್ಜಿದರೆ ಘಾಟು ವಾಸನೆ. ಕಣ್ಣಳತೆಯಲ್ಲೇ ಜೊಳ್ಳು ಕಾಳು ಬೇರೆ ಮಾಡುವ ನಮ್ಮ ತೋಟದವರಿಗೂ ಇದರಲ್ಲಿ ಯಾವುದು ಯಾವುದು ಅಂತ ಹೇಳುವುದು ಸುಲಭವಲ್ಲ. ಸಾಲದ್ದಕ್ಕೆ ರೇಣುಕ ಬೀಜ ಅನ್ನೋ ಹೆಸರು ಎರಡಕ್ಕೂ ನಡೆಯುತ್ತದೆ.

ಬಾಣಂತಿಗೆ ಮೀಯಲು ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಮೊಣಕಾಲು ನೋವಿಗೆ ಬಾಡಿಸಿದ ಸೊಪ್ಪಿನ ಶಾಖ, ಸಂಜೆ ಸೊಳ್ಳೆಗೆ ಹೊಗೆ. ಇಷ್ಟು ಕಾಲ ನಾವು ಲಕ್ಕಿಯನ್ನು ನಂಬಿದ್ದು ಹೀಗೆ, ಹೆಚ್ಚಾಗಿ ಮೈ ಹೊರಗಿನ ಉಪಯೋಗಕ್ಕೆ. ಅದೇ ನಂಬಿಕೆಯ ಮೇಲೆ ಅದರ ಕಾಯಿಯನ್ನು ತಿಂಗಳುಗಟ್ಟಲೆ ಹೊಟ್ಟೆಗೆ ಇಳಿಸುವುದು ಬೇರೆಯೇ ವಿಷಯ.

ಚೇಸ್ಟ್ ಬೆರಿ ಬರೀ ಸುಳ್ಳು ಅಂತಲೂ ಅಲ್ಲ. ಅದರಲ್ಲಿರುವ ಕೆಲವು ಅಂಶಗಳು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನೇ ಮಾಡಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಗ್ಗಿಸುತ್ತವೆ. ಹಾಲೂಡಿಸುವ ತಾಯಿಯ ಮೈಯಲ್ಲಿ ಜಾಸ್ತಿ ಇರುವುದು ಇದೇ ಪ್ರೊಲ್ಯಾಕ್ಟಿನ್, ಮಗು ಹಾಲು ಕುಡಿಯುವಷ್ಟು ಕಾಲ ಎಷ್ಟೋ ಜನರಿಗೆ ಮುಟ್ಟು ನಿಲ್ಲುವುದೂ ಅದರಿಂದಲೇ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಮುಟ್ಟಿಗೆ ಮುಂಚಿನ ಎದೆ ಬಿಗಿತ, ಸಿಡುಕು, ತಲೆನೋವು ಇದ್ದ 170 ಹೆಂಗಸರಿಗೆ ಮೂರು ತಿಂಗಳು ಮಾತ್ರೆ ಕೊಟ್ಟು ನೋಡಿದ್ದರು. ಚೇಸ್ಟ್ ಬೆರಿ ತೆಗೆದುಕೊಂಡವರಲ್ಲಿ ನೂರಕ್ಕೆ 52 ಮಂದಿಗೆ ತೊಂದರೆ ಅರ್ಧಕ್ಕರ್ಧ ಇಳಿಯಿತು. ಮದ್ದಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 24. ಆಮೇಲೆ ಬಂದ ಅಧ್ಯಯನಗಳು ಎಲ್ಲವೂ ಅಷ್ಟು ಗಟ್ಟಿಯಾಗಿಲ್ಲ. ಇನ್ನೊಂದು ಮಾತು, ಅಲ್ಲಿ ಕೊಟ್ಟದ್ದು ಅಳತೆ ಮಾಡಿದ 20 ಮಿಲಿಗ್ರಾಂ ಸಾರ, ಅಂದರೆ ಸುಮಾರು 180 ಮಿಲಿಗ್ರಾಂ ಕಾಯಿಯದ್ದು. ನಮ್ಮವರು ಚಮಚಗಟ್ಟಲೆ ಪುಡಿ ಹಾಕಿ ಕುದಿಸುವ ಕಷಾಯಕ್ಕೂ ಅದಕ್ಕೂ ತಾಳೆಯೇ ಇಲ್ಲ. ಪಿಸಿಒಡಿಗೆ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದು ಮದ್ದು ಅಂತ ಸಾಬೀತೂ ಆಗಿಲ್ಲ, ಆದರೂ ಪಿಸಿಒಡಿ ಹೆಸರು ಹೇಳಿಯೇ ಮಾರುತ್ತಾರೆ.

ನನಗೆ ಜಾಸ್ತಿ ಕಳವಳ ಇರುವುದು ಇನ್ನೊಂದು ಕಡೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನುಂಗದ ಮನೆ ಈಗ ಅಪರೂಪ. ಒಂದು ಮದುವೆ ಊಟ ಉಂಡರೂ ಮಾತ್ರೆ, ಪರೀಕ್ಷೆ ಅಂತ ಊಟ ಬಿಟ್ಟರೂ ಮಾತ್ರೆ. ಮಾತ್ರೆಯ ಪಟ್ಟಿಯ ಹಿಂದೆ ಓದಿ ನೋಡಿ, ಹಲವು ಗುಳಿಗೆಗಳಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ ವಾಂತಿ ತಡೆಯುವ ಡೊಂಪೆರಿಡೋನ್ ಇರುತ್ತದೆ. ಈ ಡೊಂಪೆರಿಡೋನ್ ಡೋಪಮಿನ್‌ಗೆ ಅಡ್ಡಗಾಲು ಹಾಕಿ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಮುಟ್ಟು ಏರುಪೇರಾಗುವುದಕ್ಕೆ ಅದೇ ಕಾರಣವಾಗಿರಬಹುದು. ಅಂಥ ಹುಡುಗಿ ಒಂದು ಕೈಯಲ್ಲಿ ಗ್ಯಾಸ್ ಮಾತ್ರೆ, ಇನ್ನೊಂದು ಕೈಯಲ್ಲಿ ಚೇಸ್ಟ್ ಬೆರಿ ಹಿಡಿದರೆ ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಮೂಲ ಕಾರಣ ಇದ್ದಲ್ಲೇ ಇರುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಏರಬಹುದು. ಪಿಟ್ಯುಟರಿಯಲ್ಲಿ ಚಿಕ್ಕ ಗಡ್ಡೆ ಇದ್ದರಂತೂ ಈ ಕಾಯಿ ಅದರ ಲಕ್ಷಣವನ್ನು ಮುಚ್ಚಿಹಾಕಬಹುದು. ಟಿಎಸ್‌ಎಚ್ (ಥೈರಾಯ್ಡ್ ನೋಡುವುದು), ಪ್ರೊಲ್ಯಾಕ್ಟಿನ್ ಎರಡೂ ಬರೀ ರಕ್ತ ಪರೀಕ್ಷೆ, ಮೊದಲು ಅದನ್ನು ಮಾಡಿಸಲಿ.

ಹಬ್ಬ, ಪೂಜೆ, ಮಾರಿಕಾಂಬಾ ಜಾತ್ರೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆ ತರುವುದೂ ನಮ್ಮಲ್ಲಿ ಮಾಮೂಲು. ಅದೂ ಹಾರ್ಮೋನೇ. ಅದು ನುಂಗಿದ ಮೇಲೆ ತಿಂಗಳ ಲೆಕ್ಕ ತಪ್ಪಿತು ಅಂತ ಗಾಬರಿಯಾಗಿ ಬೆರಿ ಕಷಾಯಕ್ಕೆ ಕೈ ಹಾಕಬೇಡಿ ಅಂತ ಅಕ್ಕತಂಗಿಯರಲ್ಲಿ ಕೇಳಿಕೊಳ್ಳುತ್ತೇನೆ. ಬಸುರಿಯರು, ಹಾಲೂಡಿಸುವವರು, ಹದಿನೆಂಟು ತುಂಬದವರು ಇದನ್ನು ಮುಟ್ಟಬಾರದು. ಸ್ತನ ಕ್ಯಾನ್ಸರ್ ಆದವರು, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಮುಟ್ಟು ನಿಂತಿದ್ದರೆ ಮೊದಲು ಗರ್ಭ ನಿಂತಿದೆಯೋ ಇಲ್ಲವೋ ನೋಡಿಕೊಳ್ಳಬೇಕು, ನಾಚಿಕೆಯಿಂದ ಇದನ್ನೇ ಬಿಡುವವರಿದ್ದಾರೆ.

ಹುಡುಗಿಯರನ್ನು ಬೈದು ಪ್ರಯೋಜನವಿಲ್ಲ. ತಿಂಗಳಿಗೆ ಮೂರು ದಿನ ದೂರ ಕೂರಿಸುತ್ತೇವೆ, ಆದರೆ ಎಷ್ಟು ಹೋಗ್ತಿದೆ, ನೋವಿದೆಯಾ ಅಂತ ಒಂದು ಮಾತು ಕೇಳುವುದಿಲ್ಲ. ಕೇಳುವವರಿಲ್ಲದ ಮೇಲೆ ಅವರು ಮೊಬೈಲನ್ನೇ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ನಡೆಯುತ್ತದೆ, ಊರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಇದು ಎಷ್ಟು ತಾಯಂದಿರಿಗೆ ಗೊತ್ತಿದೆಯೋ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಮ್ಮ ಜಿಲ್ಲೆಯ ಒಬ್ಬ ಸ್ತ್ರೀರೋಗ ತಜ್ಞೆ ಮತ್ತು ಓದಿದ ಒಬ್ಬ ಆಯುರ್ವೇದ ವೈದ್ಯರು, ಇಬ್ಬರಿಂದಲೂ ಈ ಬಗ್ಗೆ ಬರೆಸಿ. ಲಕ್ಕಿ ಕಾಯಿ, ಚೇಸ್ಟ್ ಬೆರಿ ಎರಡರ ಫೋಟೋ ಅಕ್ಕಪಕ್ಕ ಹಾಕಿ. ಗ್ಯಾಸ್ ಮಾತ್ರೆಯ ವಿಷಯವನ್ನು ಮಾತ್ರ ದಯವಿಟ್ಟು ಮೂಲೆಯಲ್ಲಿ ಹಾಕಬೇಡಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮೇಲೆಯೇ ಹಾಕಿ.

ಇತಿ,
ಒಬ್ಬ ಓದುಗಾರ್ತಿ, ಕುಮಟಾ