ಮ್ಯಾಚು ನಮ್ಮ ಫೋನಿಗೂ ಬರಲಿ: ಕೋಲಾರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಎಂ. ಮಲ್ಲೇಶ್ ಬಾಬು ಅವರಿಗೆ, ಶ್ರೀನಿವಾಸಪುರದಿಂದ ನಮಸ್ಕಾರಗಳು.

ಸರ್, ಮಾವಿನಕಾಯಿ ಬಲಿಯುವ ಹೊತ್ತಿಗೇ ಐಪಿಎಲ್ ಕೂಡ ಜೋರಾಗುತ್ತದೆ. ಆಗ ನಮ್ಮ ಕಡೆ ತುಂಬ ಜನ ರಾತ್ರಿ ತೋಟದಲ್ಲೇ ಕಾವಲು ಮಲಗುತ್ತಾರೆ. ಅಲ್ಲಿ ಟಿವಿ ಎಲ್ಲಿಂದ ಬರಬೇಕು? ಫೋನೇ ಗತಿ. ಗುಡಿಸಲ ಮುಂದೆ ಹಣ್ಣಿನ ಕ್ರೇಟಿಗೆ ಫೋನ್ ಒರಗಿಸಿಟ್ಟು ನಾಲ್ಕೈದು ಜನ ಕೂತಿರುತ್ತಾರೆ. ಆರ್‌ಸಿಬಿ ಬ್ಯಾಟಿಂಗ್ ಆಗಷ್ಟೇ ಶುರುವಾಗಿರುತ್ತದೆ. ಪುಕ್ಕಟೆಯ ಕೆಲವು ನಿಮಿಷ ಮುಗಿಯಿತೋ ಇಲ್ಲವೋ, ಆಟ ನಿಂತು ‘ಪ್ಲಾನ್ ತಗೊಳ್ಳಿ’ ಅಂತ ಬರುತ್ತದೆ. ದಿನಗೂಲಿಯಲ್ಲಿ ಮನೆ ನಡೆಸುವವರು ರೀಚಾರ್ಜಿಗೆ ಒಂದು ಸಲ, ಆಟಕ್ಕೆ ಇನ್ನೊಂದು ಸಲ ದುಡ್ಡು ಕಟ್ಟಬೇಕು.

2023ರಲ್ಲಿ ಇದೇ ಐಪಿಎಲ್ ಫೋನಿನಲ್ಲಿ ಪುಕ್ಕಟೆ ಬಂತು. 2024ರಲ್ಲೂ ಬಂತು. ಜನಕ್ಕೆ ರೂಢಿಯಾದ ಮೇಲೆ 2025ರಲ್ಲಿ ದುಡ್ಡು ಕೇಳಿದರು. ಆರ್‌ಸಿಬಿ 18ನೇ ಸೀಸನ್ನಿನಲ್ಲಿ ಕಪ್ ಗೆದ್ದಿದ್ದೂ ಅದೇ ವರ್ಷ. ಮೊದಲ ಸೀಸನ್ನಿನಿಂದ ಕಾದವರಿಗೆ ಆ ರಾತ್ರಿ ಬಾಗಿಲು ಹಾಕಿದ್ದು ನನಗೆ ಈಗಲೂ ಸಂಕಟ.

ಇನ್ನೊಂದು ಭಯವಿದೆ. ದುಡ್ಡಿಲ್ಲದ ಹುಡುಗರು ಟೆಲಿಗ್ರಾಂನಲ್ಲಿ ಕಳ್ಳ ಲಿಂಕ್ ಹುಡುಕುತ್ತಾರೆ. ಅಂಥ ಕಡೆ ಬೆಟ್ಟಿಂಗ್ ಜಾಹೀರಾತುಗಳದ್ದೇ ಕಾಟ. ಹತ್ತನೇ ಕ್ಲಾಸಿನ ಹುಡುಗ ಮ್ಯಾಚು ನೋಡೋಕೆ ಹೋಗಿ ಅದನ್ನು ಒತ್ತಿದರೆ ಯಾರು ಹೊಣೆ?

ಮ್ಯಾಚು ಎಲ್ಲರಿಗೂ ತಲುಪಿಸೋಕೆ ಕಾನೂನು ಇಲ್ಲ ಅಂತಲ್ಲ. ಮಹತ್ವದ್ದು ಅಂತ ಕೇಂದ್ರ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲನ್ನು ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು ಅಂತ 2007ರಲ್ಲೇ ಸಂಸತ್ತು ಕಾನೂನು ಮಾಡಿತು. ಭಾರತ ತಂಡದ ಒಂದು ದಿನದ ಪಂದ್ಯ, ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ. ಆದರೆ ಆ ಕಾನೂನು ದೂರದರ್ಶನದ ಹಳೆಯ ಆಂಟೆನಾ ಪ್ರಸಾರಕ್ಕೆ ಮತ್ತು ಪ್ರಸಾರ ಭಾರತಿಯದ್ದೇ ಫ್ರೀ ಡಿಶ್‌ಗೆ ಮಾತ್ರ. ಮನೆಯಲ್ಲಿ ಕೇಬಲ್ ಇದ್ದರೆ ಆ ಪಂದ್ಯ ದೂರದರ್ಶನದಲ್ಲಿ ಸಿಗುವುದಿಲ್ಲ, 2017ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ತೀರ್ಪು ಕೊಟ್ಟಿತು. ಕೇಬಲ್ಲಿಗೂ ಕೊಡೋಣ ಅಂತ 2018ರಲ್ಲಿ ಕೇಂದ್ರವೇ ತಿದ್ದುಪಡಿಯ ಕರಡು ಹೊರಡಿಸಿತ್ತು. ಫೋನಿನ ಮಾತಂತೂ 2007ರ ಕಾನೂನಿನಲ್ಲಿ ಬರುವುದೇ ಇಲ್ಲ. ಆಗ ಯಾರು ಫೋನಿನಲ್ಲಿ ಮ್ಯಾಚು ನೋಡುತ್ತಿದ್ದರು, ಅಲ್ವಾ? ಈಗ ತೋಟದಲ್ಲಿ, ಕೋಲಾರದ ಟೊಮೆಟೊ ಮಂಡಿಯಲ್ಲಿ, ಕೆಜಿಎಫ್‌ನಿಂದ ಬೆಂಗಳೂರಿಗೆ ಓಡಾಡುವ ರೈಲಿನಲ್ಲಿ ಎಲ್ಲರ ಕೈಯಲ್ಲೂ ಅದೇ ಇದೆ. ಐಪಿಎಲ್ ಕೂಡ ಆ ಪಟ್ಟಿಯಲ್ಲಿಲ್ಲ.

ಕಂಪನಿಗಳು ದುಡ್ಡು ಹಾಕಿವೆ, ಒಪ್ಪುತ್ತೇನೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಆದರೆ ಸಿಗ್ನಲ್ ಹಂಚಿಕೊಂಡರೆ ಅವರು ಬರಿಗೈಯಲ್ಲಿ ಹೋಗುವುದಿಲ್ಲ. 2007ರ ಕಾನೂನಿನ ಪ್ರಕಾರ ಟಿವಿ ಜಾಹೀರಾತಿನ ಆದಾಯದಲ್ಲಿ 75 ಭಾಗ ಹಕ್ಕು ಕೊಂಡವರಿಗೇ, ಪ್ರಸಾರ ಭಾರತಿಗೆ 25. ಗಾಳಿಯಲ್ಲಿ ಹೋಗುವ ತರಂಗಗಳು ಜನರ ಸ್ವತ್ತು ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಕ್ರಿಕೆಟ್ ಪ್ರಸಾರದ ಕೇಸಿನಲ್ಲೇ.

ನಾವು ಎಲ್ಲವನ್ನೂ ಪುಕ್ಕಟೆ ಕೇಳುತ್ತಿಲ್ಲ. ಭಾರತ ಆಡುವ ಪಂದ್ಯ ಪ್ರಸಾರ ಭಾರತಿಯ ವೇವ್ಸ್ ಆಪ್‌ನಲ್ಲೂ ಕೇಬಲ್ಲಿನಲ್ಲೂ ಬರಲಿ. ಐಪಿಎಲ್ ಫೈನಲ್ ಒಂದಾದರೂ ಆ ಪಟ್ಟಿಗೆ ಸೇರಲಿ. ಆಟ ಒಂದು ಚೂರು ತಡವಾಗಿ ಬಂದರೂ ನೋಡುತ್ತೇವೆ.

ನಿಮ್ಮ ಪಕ್ಷ ಕೇಂದ್ರದ ಆಡಳಿತ ಮೈತ್ರಿಕೂಟದಲ್ಲೇ ಇದೆ. ಮುಂದಿನ ಅಧಿವೇಶನದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಒಂದು ಲಿಖಿತ ಪ್ರಶ್ನೆ ಹಾಕಿ: 2018ರ ಕರಡು ಏನಾಯಿತು, ಅದರಲ್ಲಿ ಫೋನನ್ನೂ ಸೇರಿಸುತ್ತೀರಾ? ಬಂದ ಉತ್ತರವನ್ನು ನಮಗೂ ತಿಳಿಸಿ. ಮುಂದಿನ ಮಾವಿನ ಸುಗ್ಗಿಯೊಳಗೆ ತಿಳಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ಶ್ರೀನಿವಾಸಪುರದ ಒಬ್ಬ ಕ್ರಿಕೆಟ್ ಅಭಿಮಾನಿ, ನಿಮ್ಮ ಮತದಾರ