ತರಡಗಾಂವದ ಆಜಿಗೆ, ಮತ್ತು ನಿಮ್ಮೆಲ್ಲರಿಗೂ

ಪಂಢರಪುರ ಮುಟ್ಟಿದೆ. ಎಸ್.ಟಿ. ಬಸ್ಸು ಹತ್ತಿ ಪುಣೆಗೆ ವಾಪಸ್ಸೂ ಬಂದೆ. ಫೋನ್ ತುಂಬ ನಿಮ್ಮ ಮೆಸೇಜುಗಳಿವೆ. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತ ಕೂತರೆ ದೀಪಾವಳಿ ಬಂದುಬಿಡುತ್ತದೆ, ಅದಕ್ಕೇ ಎಲ್ಲರಿಗೂ ಇಲ್ಲೇ ಒಟ್ಟಿಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಏನೇನಾಯ್ತು ಅನ್ನೋದು ನಿಮಗೆ ಗೊತ್ತು, ಮತ್ತೆ ತೆಗೆಯೋದಿಲ್ಲ. ಈ ಸಲ ವಾರಿಗೆ, ಅಂದರೆ ಪಂಢರಪುರದ ವಿಠ್ಠಲನ ಪಾದಯಾತ್ರೆಗೆ, ಹೋಗಲಾ ಅಂತ ಕೇಳಿದಾಗ ಡಾಕ್ಟರು "ನಡೀರಿ, ಆದರೆ ಹಟ ಮಾಡಬೇಡಿ" ಅಂದರು. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ಹಟ ಇಲ್ಲದೆ ಅಷ್ಟು ದೂರ ನಡೆಯೋದು ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಡಪಸರದವರೆಗೆ ಜೊತೆಗೆ ನಡೆದ ಗೆಳತಿಯರು, ನನ್ನ ಪಾಲಿನ ಕೆಲಸ ಹಂಚಿಕೊಂಡ ಆಫೀಸಿನ ಹುಡುಗರು, ದಿನಾ ರಾತ್ರಿ "ಎಲ್ಲಿದ್ದೀ ಅಮ್ಮಾ" ಅಂತ ಕೇಳಿದ ಮಗಳು, ಏನೂ ಕೇಳದೆ ಸುಮ್ನೆ ನನ್ನ ಲೊಕೇಶನ್ ನೋಡುತ್ತ ಕೂತಿರುತ್ತಿದ್ದ ನಮ್ಮ ಯಜಮಾನರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಳು ಅಂತ ಬೇಜಾರಾಗಬೇಡಿ. ನೀವು ಇದನ್ನು ಓದುತ್ತೀರಿ, ಬೇಕಿದ್ದರೆ ಮನೆಗೇ ಬಂದು ಜಗಳ ಆಡಬಹುದು. ಯಾರ ಬಗ್ಗೆ ಜಾಸ್ತಿ ಬರೆಯಬೇಕೋ ಅವರು ಇದನ್ನು ಓದುವುದಿಲ್ಲ.

ವಾರಿ ಅಂದರೆ ದಿನವಿಡೀ ಭಜನೆ ಅಂತ ದೂರದಿಂದ ಅನ್ನಿಸುತ್ತದೆ, ಅಲ್ವಾ? ಭಜನೆ ಖಂಡಿತ ಇದೆ. ಅದಕ್ಕೆ ಮೊದಲು ನಸುಕಿನ ಮೂರು ಗಂಟೆಗೆ ಟ್ಯಾಂಕರ್ ಮುಂದೆ ಬಕೆಟ್ ಹಿಡಿದು ನಿಲ್ಲೋದಿದೆ. ಒಣಗದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತ ನಡೆಯುತ್ತಲೇ ಒಣಗಿಸೋದಿದೆ. ಗಂಟುಮೂಟೆ ದಿಂಡಿಯ, ಅಂದರೆ ಒಟ್ಟಿಗೆ ನಡೆಯುವ ತಂಡದ, ಲಾರಿಯಲ್ಲಿ ಮುಂದೆ ಹೋಗುತ್ತದೆ. ಅದು ನಮಗಿಂತ ಮೊದಲು ಮುಕ್ಕಾಮಿಗೆ ಮುಟ್ಟಿದ್ದರೆ ನಮ್ಮ ಪುಣ್ಯ. ಪ್ರತಿ ದಿಂಡಿಗೂ ಒಂದು ನಂಬರು, ಪ್ರತಿ ನಂಬರಿಗೂ ತನ್ನ ಜಾಗ. ಸಂತ ಜ್ಞಾನೇಶ್ವರರ ಪಾದುಕೆ ಇರುವ ರಥದ ಮುಂದೆ 27 ದಿಂಡಿ, ಉಳಿದವೆಲ್ಲ ಹಿಂದೆ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಊರು, ಹೆಸರು, ಕೆಲಸ ಯಾವುದೂ ಉಪಯೋಗಕ್ಕೆ ಬರೋದಿಲ್ಲ, ದಿಂಡಿಯ ನಂಬರು ನೆನಪಿದ್ದರೆ ಸಾಕು.

ಹೆಂಗಸರಿಗೆ ದಾರಿಯಲ್ಲಿ ನಿಜವಾದ ಕಷ್ಟ ಅಂದರೆ ಪಾಯಿಖಾನೆ. ಇದನ್ನು ಯಾರೂ ಬರೆಯೋದಿಲ್ಲ, ನಾನು ಬರೆಯುತ್ತೇನೆ. ಸಾಸವಡದಲ್ಲಿ ಒಂದು ಮನೆಯವರು ಹಿಂದಿನ ಬಾಗಿಲು ತೆಗೆದಿಟ್ಟು, ಒಳಗೆ ಸೋಪು, ಬಿಸಿನೀರು ಇಟ್ಟು, ಬಂದ ಬಂದವರಿಗೆಲ್ಲ "ಮಾವುಲಿ, ಒಳಗೆ ಬನ್ನಿ" ಅನ್ನುತ್ತಿದ್ದರು. ಮಾವುಲಿ ಅಂದರೆ ತಾಯಿ, ಜ್ಞಾನೇಶ್ವರರನ್ನು ಕರೆಯುವ ಈ ಹೆಸರಿನಿಂದಲೇ ವಾರಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕರೆಯುತ್ತಾರೆ. ಅವತ್ತು ಪುಣೆಯಿಂದ ದಿವೇಘಾಟ್ ಹತ್ತಿ ಬಂದಿದ್ದೆವು. ಇಡೀ ದಾರಿಯಲ್ಲೇ ಅತಿ ಉದ್ದದ ನಡಿಗೆ ಅದು, 30 ಕಿ.ಮೀ.ಗಿಂತ ಜಾಸ್ತಿ. ಮಣ್ಣು ಮೆತ್ತಿದ ನಮ್ಮ ಕಾಲು ಅವರ ನೆಲದ ಮೇಲೆಲ್ಲ. ಆ ಮನೆಯ ಸೊಸೆ ಒರೆಸುತ್ತಲೂ ಇರಲಿಲ್ಲ, ಅದೇ ನನಗೆ ಆಶ್ಚರ್ಯ. ಜೇಜುರಿಯಲ್ಲಿ ಚಪ್ಪಲಿ ಹೊಲಿದುಕೊಟ್ಟ ಕಾಕಾ ದುಡ್ಡು ಮುಟ್ಟಲಿಲ್ಲ. ಫಲಟಣದಲ್ಲಿ ಕಾಲೇಜು ಹುಡುಗರು ಸಾಲಾಗಿ ಕೂತು ಗುರುತಿಲ್ಲದವರ ಬೊಕ್ಕೆಗೆ ಮುಲಾಮು ಹಚ್ಚುತ್ತಿದ್ದರು.

ನನ್ನ ಕನ್ನಡಕವೂ ಕಳೆದಿತ್ತು. ಸಂಜೆ ಮುಕ್ಕಾಮಿನಲ್ಲಿ ಸಮಾಜ ಆರತಿ ನಡೆಯುತ್ತದೆ. ಅಷ್ಟೂ ದಿಂಡಿಗಳ ತಾಳ ಒಟ್ಟಿಗೆ ಬಾರಿಸುತ್ತಿರುವಾಗ ವಾರಿಯ ಶಿಸ್ತು ನೋಡಿಕೊಳ್ಳುವ ಚೋಪದಾರ ಕೋಲು ಎತ್ತುತ್ತಾರೆ, ಎಲ್ಲ ಸದ್ದೂ ನಿಲ್ಲುತ್ತದೆ. ಯಾವುದಾದರೂ ದಿಂಡಿಯವರಿಗೆ ತಕರಾರಿದ್ದರೆ ಅವರು ಮಾತ್ರ ತಾಳ ನಿಲ್ಲಿಸೋದಿಲ್ಲ. ಆಗ ಚೋಪದಾರರು ಅಲ್ಲಿಗೇ ಹೋಗಿ ಕೇಳುತ್ತಾರೆ. ಆಮೇಲೆ ಕಳೆದದ್ದು, ಸಿಕ್ಕಿದ್ದು ಎಲ್ಲ ಕೂಗಿ ಹೇಳುತ್ತಾರೆ. ಲಕ್ಷಾಂತರ ಜನರ ನಡುವೆ ಕಂದು ಫ್ರೇಮಿನ ನನ್ನ ಕನ್ನಡಕ ಹೀಗೇ ವಾಪಸ್ ಸಿಕ್ಕಿತು. ಅದನ್ನು ತಂದುಕೊಟ್ಟ ಮಾವುಲಿಯ ಮುಖ ನೋಡಿದೆನಾ ಅಂತ ಕೇಳಬೇಡಿ, ಕನ್ನಡಕ ಇರಲಿಲ್ಲ.

ಇನ್ನು ತರಡಗಾಂವ.

ಅವತ್ತು ಲೋಣಂದದಿಂದ ಹೊರಟು ಚಾಂದೋಬಾಚಾ ಲಿಂಬದಲ್ಲಿ ಮೊದಲ ರಿಂಗಣ ನೋಡಿದ್ದೆವು. ಎರಡು ಕಡೆ ಜನ ಸಾಲಾಗಿ ನಿಂತಿರುತ್ತಾರೆ, ನಡುವೆ ಕುದುರೆ ಓಡುತ್ತದೆ, ಅದರ ಬೆನ್ನ ಮೇಲೆ ಯಾರೂ ಇರೋದಿಲ್ಲ, ಜ್ಞಾನೇಶ್ವರರೇ ಕೂತಿದ್ದಾರೆ ಅಂತ ನಂಬಿಕೆ. ಅದು ಹೋದ ಮೇಲೆ ಗೊರಸಿನ ಮಣ್ಣು ತೆಗೆದು ಹಣೆಗೆ ಹಚ್ಚಿಕೊಳ್ಳಲು ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ, ತಲೆ ತಿರುಗಿತು. ಸಂಜೆ ಹೊತ್ತಿಗೆ ಮೈ ಸುಡುತ್ತಿತ್ತು. ರಾತ್ರಿ ಮಳೆ ಶುರುವಾಯ್ತು. ಟೆಂಟಿನೊಳಗೆ ನೀರು ನುಗ್ಗಿತು, ಹಾಸಿದ್ದ ತಾಡಪತ್ರಿ ತೇಲತೊಡಗಿತು.

ನನ್ನ ಪಕ್ಕದ ಜಾಗ ಪರಭಣಿ ಕಡೆಯ ಆಜಿಯದು. ಅಲ್ಲಿವರೆಗೆ ನಮ್ಮಿಬ್ಬರ ನಡುವೆ ಅಂಥ ಮಾತೇನೂ ಆಗಿರಲಿಲ್ಲ. ನಾನು ಕನ್ನಡದವಳು ಅಂತ ಗೊತ್ತಾದ ದಿನ "ನಮ್ಮ ವಿಠ್ಠಲನೂ ಕನ್ನಡದವನೇ, ಜ್ಞಾನೇಶ್ವರ ಮಾವುಲಿಯೇ ಹಾಡಿದ್ದಾರೆ" ಅಂತ ನನಗೇ ಪಾಠ ಹೇಳಿದ್ದರು, ಅಷ್ಟೇ. ಮಳೆ ಬಂದಾಗ ಎಲ್ಲರೂ ತಮ್ಮ ತಮ್ಮ ಗಂಟು ಎತ್ತಿಕೊಂಡು ಲಾರಿ ಕಡೆ ಓಡಿದರು. ಆಜಿ ಓಡಲಿಲ್ಲ. ಊಟದ ಸ್ಟೀಲ್ ತಟ್ಟೆ ತಗೊಂಡು ಹೊರಗೆ ಹೋಗಿ, ಟೆಂಟಿನ ಮೇಲ್ಗಡೆ ಮಣ್ಣು ಕೆತ್ತಿ, ನೀರು ಆಚೆ ಹರಿಯುವ ಹಾಗೆ ಕಾಲುವೆ ತೋಡಿದರು. ಹೊಲದಲ್ಲಿ ಬದು ಕಟ್ಟಿದ ಕೈ, ಹತ್ತೇ ನಿಮಿಷದಲ್ಲಿ ಮುಗಿಸಿದರು. ಒಳಗೆ ಬಂದು ನನ್ನ ಒದ್ದೆ ಬಟ್ಟೆ ಬಿಚ್ಚಿಸಿದರು. ತಮ್ಮ ಗಂಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟಿದ್ದ ಒಣಗಿದ ನೌವಾರಿ, ಒಂಬತ್ತು ಗಜದ ಸೀರೆ ನನಗೆ ಸುತ್ತಿದರು. ಅದು ಪಂಢರಪುರದಲ್ಲಿ ಉಡಲಿಕ್ಕೆ ಅಂತ ಇಟ್ಟುಕೊಂಡದ್ದು. ನನಗೆ ಆಗ ಗೊತ್ತಿರಲಿಲ್ಲ. ನಾನು ವಾಂತಿ ಮಾಡಿಕೊಂಡದ್ದೂ ಅದರ ಮೇಲೆಯೇ.

ಇಡೀ ರಾತ್ರಿ ನನ್ನ ತಲೆ ಅವರ ತೊಡೆಯ ಮೇಲೆ. ನಾನು ಪ್ರತಿ ಹತ್ತು ನಿಮಿಷಕ್ಕೊಮ್ಮೆ "ನಿಮಗೆ ತ್ರಾಸ ಆಯ್ತು" ಅನ್ನುತ್ತಿದ್ದೆ. ಒಂದೆರಡು ಸಲ ಸುಮ್ಮನಿದ್ದರು. ಆಮೇಲೆ "ಗಪ್ ಝೋಪ್", ಸುಮ್ನೆ ಮಲಗು, ಅಂತ ಗದರಿದರು. ಆಗ ಅಳು ಬಂತು.

ಇದನ್ನು ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಕಳೆದ ವರ್ಷ ನೀವೆಲ್ಲ ಸರದಿ ಪ್ರಕಾರ ಬಂದು ನನ್ನ ನೋಡಿಕೊಂಡಾಗ ನಾನು ನಗುತ್ತಿದ್ದೆ, ಥ್ಯಾಂಕ್ಸ್ ಅನ್ನುತ್ತಿದ್ದೆ. ಒಳಗೆ ಸಿಟ್ಟು ಕುದಿಯುತ್ತಿತ್ತು. ಮಗಳು ತಲೆ ಬಾಚುವಾಗ ಅವಳ ಕೈಯಿಂದ ಬಾಚಣಿಗೆ ಕಿತ್ತು ಎಸೆಯಬೇಕು ಅನ್ನಿಸುತ್ತಿತ್ತು. ಸಾವಿನ ಹೆದರಿಕೆ ನನಗೆ ಅಷ್ಟಿರಲಿಲ್ಲ, ಇನ್ನೊಬ್ಬರ ಕೈಗೆ ಬೀಳುವ ಹೆದರಿಕೆಯೇ ಜಾಸ್ತಿ. ಯಾರು ಎಷ್ಟು ಸಲ ಬಂದರು, ಯಾರಿಗೆ ಎಷ್ಟು ವಾಪಸ್ ಮಾಡಬೇಕು ಅಂತ ಕಿರಾಣಿ ಅಂಗಡಿಯ ಉದ್ರಿ ವಹಿಯ ಹಾಗೆ ಮನಸ್ಸಿನಲ್ಲೇ ಬರೆದಿಡುತ್ತಿದ್ದೆ. ನಡೆದು ತೋರಿಸಿದರೆ ಆ ವಹಿ ಹರಿದು ಹಾಕಬಹುದು ಅಂತಲೇ ವಾರಿಗೆ ಹೊರಟವಳು ನಾನು. ಭಕ್ತಿಯೂ ಇತ್ತು, ಇರಲಿಲ್ಲ ಅಂತಲ್ಲ. ಆದರೆ ತರಡಗಾಂವದಲ್ಲಿ ಮತ್ತೆ ಯಾರದೋ ತೊಡೆಯ ಮೇಲೆ ಬಿದ್ದಿದ್ದೆ, ಈ ಸಲ ಹೆಸರೂ ಸರಿಯಾಗಿ ಗೊತ್ತಿಲ್ಲದವರ ತೊಡೆ. ಅವರಿಗೆ ಏನು ವಾಪಸ್ ಕೊಡಲಿ? ಅವರಿಗೆ ಬೇಕಿದ್ದದ್ದು ಒಂದೇ. ಮಳೆಯ ಸದ್ದು ಕೇಳುತ್ತ ಕೇಳುತ್ತ "ನಮ್ಮ ಕಡೆಗೂ ಇಷ್ಟು ಬಿದ್ದಿರುತ್ತದಾ?" ಅಂತ ಕೇಳುತ್ತಿದ್ದರು. ಸೋಯಾಬೀನ್ ಬಿತ್ತಿ ಬಂದಿದ್ದರು. ನಾವೆಲ್ಲ ಶಾಪ ಹಾಕುತ್ತಿದ್ದ ಮಳೆಯನ್ನು ಆ ಟೆಂಟಿನಲ್ಲಿ ಒಬ್ಬರೇ ಒಬ್ಬರು ಖುಷಿಯಿಂದ ಕೇಳುತ್ತಿದ್ದರು.

ಬೆಳಿಗ್ಗೆ ಜ್ವರ ಇಳಿದಿತ್ತು. ನನ್ನ ಫೋನಿನಿಂದ ಅವರ ಮಗನಿಗೆ ಫೋನ್ ಹಚ್ಚಿಕೊಟ್ಟೆ. ಅಲ್ಲಿ ಬರೀ ನಾಲ್ಕು ಹನಿ ಅಂತೆ. "ಬರುತ್ತದೆ" ಅಂದು ಆಜಿ ಒದ್ದೆ ಸೀರೆ ಹಿಂಡಿ ಹೆಗಲಿಗೆ ಹಾಕಿಕೊಂಡರು. ನಾನು ದಿಂಡಿಯ ಗಾಡಿಯಲ್ಲಿ ಕೂತು ಫಲಟಣಕ್ಕೆ ಹೋದೆ, ಆಮೇಲೆ ಮತ್ತೆ ನಡೆದೆ. ಹೌದು, ಒಂದು ದಿನದ ದಾರಿ ಗಾಡಿಯಲ್ಲಿ. ಯಾರಾದರೂ "ಪೂರ್ತಿ ನಡೆದೆಯಾ?" ಅಂತ ಕೇಳಿದರೆ "ಇಲ್ಲ" ಅನ್ನುತ್ತೇನೆ, ನನಗೇನೂ ಬೇಜಾರಿಲ್ಲ.

ಪಂಢರಪುರದಲ್ಲಿ ವಿಠ್ಠಲನ ಮುಖ ನೋಡಲಿಲ್ಲ. ದರ್ಶನದ ಸಾಲು ಅಷ್ಟು ಉದ್ದ. ಚಂದ್ರಭಾಗೆಯಲ್ಲಿ ಸ್ನಾನ ಮಾಡಿ, ಊರು ಸುತ್ತಿ, ಶಿಖರಕ್ಕೆ ಕೈ ಮುಗಿದೆವು. ಬಹಳಷ್ಟು ವಾರಕರಿಗಳು ಹೀಗೇ ಮಾಡಿ ಊರಿಗೆ ಮರಳುತ್ತಾರೆ. ಆಜಿ ಅದೇ ಸೀರೆ ಉಟ್ಟಿದ್ದರು, ತೊಳೆದಿದ್ದರೂ ಸೆರಗಿನಲ್ಲಿ ಕಲೆ ಉಳಿದಿತ್ತು. ಹೊಸದು ಕೊಡಿಸುತ್ತೇನೆ ಅಂದರೆ ಬೇಡ ಅಂದರು. ಎರಡನೇ ಸಲ ನಾನು ಕೇಳಲಿಲ್ಲ, ಅಷ್ಟು ಮಾತ್ರ ಅವರಿಂದ ಕಲಿತೆ.

ನಿನ್ನೆ ಆ ನಂಬರಿಗೆ ಫೋನ್ ಮಾಡಿದೆ. ಮಗ ಎತ್ತಿದರು. ಆಜಿ ಹೊಲದಲ್ಲಿದ್ದರಂತೆ, ಕಳೆ ತೆಗೆಯೋದು ನಡೆದಿದೆ. ಪುಣೆಯವಳು ಅಂದರೆ ಅವರಿಗೆ ತಿಳಿಯಲಿಲ್ಲ. ಜ್ವರ ಬಂದಿತ್ತಲ್ಲ ಅಂದ ಮೇಲೆ "ಓ, ಕಾನಡೀ ಬಾಯಿ!" ಅಂದರು. ಮಳೆ? ಬಂದಿದೆಯಂತೆ, ಇನ್ನೂ ಬೇಕಂತೆ.

ಮುಂದಿನ ವರ್ಷ ಜೊತೆಗೆ ಬರುತ್ತೇವೆ ಅಂದವರಿಗೆ ಈಗಲೇ ಹೇಳಿಬಿಡುತ್ತೇನೆ: ಎರಡು ಜೊತೆ ಹಳೇ ಚಪ್ಪಲಿ, ಬೇಗ ಒಣಗುವ ಬಟ್ಟೆ, ದೊಡ್ಡ ಪ್ಲಾಸ್ಟಿಕ್ ಚೀಲ. ಹೊಸ ಬೂಟು ತಂದರೆ ದಿವೇಘಾಟಿನಲ್ಲಿ ನಿಮ್ಮ ಗೋಳು ನಾನು ಕೇಳೋದಿಲ್ಲ. ಭಾನುವಾರ ಎಲ್ಲರೂ ಮನೆಗೆ ಊಟಕ್ಕೆ ಬನ್ನಿ, ಜುಣಕ, ರೊಟ್ಟಿ ಮಾಡುತ್ತೇನೆ. ಮಾಡೋಕೆ ಆಗದಿದ್ದರೆ ನೀವೇ ಮಾಡಿ, ನಾನು ಕೂತು ತಿನ್ನುತ್ತೇನೆ. ಲಿಫ್ಟ್ ಇನ್ನೂ ರಿಪೇರಿ ಆಗಿಲ್ಲ, ಮೂರು ಮಹಡಿ ಹತ್ತಿಯೇ ಬರಬೇಕು.