ಮೂಳೆ ಮುರಿಯದಿದ್ದರೂ ಕಾಲಿಗೆ ಅಪಾಯ ಇದೆ

ಸಂಪಾದಕರೇ,

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ ಕೂಡಲೇ ನಮ್ಮ ಜನ ಮುಲಾಮು ಹಚ್ಚಿ ಮಲಗಿಬಿಡುತ್ತಾರೆ. ಆದರೆ ಮೂಳೆ ಗಟ್ಟಿ ಇದ್ದರೂ ಕಾಲು ಕೆಡುವ ಒಂದು ತೊಂದರೆ ಇದೆ. ಡಾಕ್ಟರು ಅದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಕೈಕಾಲಿನ ಸ್ನಾಯುಗಳ ಸುತ್ತ ಸುಲಭಕ್ಕೆ ಹಿಗ್ಗದ ಗಟ್ಟಿ ಪೊರೆ ಇರುತ್ತದೆ. ಒಳಗೆ ರಕ್ತ ಸುರಿದೋ ಬಾವು ಬಂದೋ ಒತ್ತಡ ಏರಿದರೆ ಸ್ನಾಯುವಿಗೆ ರಕ್ತ ಸಿಗುವುದಿಲ್ಲ. ಸುಮಾರು 6 ಗಂಟೆ ಹೀಗೇ ಕಳೆದರೆ ಸ್ನಾಯು ಶಾಶ್ವತವಾಗಿ ಸಾಯಬಹುದು.

ಮೂಳೆ ಮುರಿದಾಗ ಇದು ಜಾಸ್ತಿ, ಆಗ ಡಾಕ್ಟರೂ ಕಣ್ಣಿಟ್ಟಿರುತ್ತಾರೆ. ಕೈತಪ್ಪುವುದು ಉಳಿದ ಸಂದರ್ಭಗಳಲ್ಲಿ. ನಮ್ಮ ಸಪ್ತಾಪುರದಲ್ಲಿ ಪೊಲೀಸ್ ಭರ್ತಿಗೆ ಓದುವ ಹುಡುಗರನ್ನೇ ನೋಡಿ. ತಿಂಗಳುಗಟ್ಟಲೆ ಕುರ್ಚಿ ಬಿಟ್ಟು ಏಳದವರು ಫಿಸಿಕಲ್ ಹತ್ತಿರ ಬಂತು ಅಂತ ಒಮ್ಮೆಲೇ ಮೈದಾನಕ್ಕೆ ಇಳಿದು ಓಟ, ಬಸ್ಕಿ ಅಂತ ಮೈ ದಂಡಿಸುತ್ತಾರೆ. ನಮ್ಮ ಪಕ್ಕದ ರೂಮಿನ ಹುಡುಗನಿಗೆ ಹೀಗೇ ಆಯಿತು. ಸಂಜೆ ಹೊತ್ತಿಗೆ ಮೊಣಕಾಲಿನ ಕೆಳಗೆ ಮುಂಭಾಗ ಕಲ್ಲಿನಂತೆ ಬಿಗಿದಿತ್ತು. ಹೆಬ್ಬೆರಳನ್ನು ಮೆಲ್ಲಗೆ ಕೆಳಗೆ ಬಗ್ಗಿಸಿದರೂ ಕಿರುಚುತ್ತಿದ್ದ. ಕ್ಲಿನಿಕ್ ಒಂದರಲ್ಲಿ ‘ಹೊಸದಾಗಿ ಓಡಿದರೆ ಹಾಗೇ, ಎರಡು ದಿನ ರೆಸ್ಟ್ ಮಾಡು’ ಅಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಬೆಳಿಗ್ಗೆ ಪಾದದ ಮೇಲೆ ಸ್ಪರ್ಶವೇ ಇರಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಪೊರೆ ಸೀಳಿ ಒತ್ತಡ ಇಳಿಸಿದರು. ಕಾಲು ಉಳಿಯಿತು, ಆದರೆ ಪಾದ ಮೇಲೆತ್ತಲು ಬರುವುದಿಲ್ಲ, ಚಪ್ಪಲಿ ಎಳೆದುಕೊಂಡು ನಡೆಯುತ್ತಾನೆ. ಭರ್ತಿಯ ಕನಸು ಅಲ್ಲಿಗೇ ನಿಂತಿತು.

ಹಾವೇರಿ ಕಡೆ ಗೋವಿನಜೋಳದ ಹೊಲದಲ್ಲಿ ಹಾವು ಕಡಿದರೆ ಇವತ್ತಿಗೂ ಹಗ್ಗ ಬಿಗಿಯುತ್ತಾರೆ. ಅದರಿಂದ ವಿಷ ನಿಲ್ಲುವುದಿಲ್ಲ, ರಕ್ತ ನಿಲ್ಲುತ್ತದೆ. ಮೊದಲೇ ಬಾತ ಕಾಲಿಗೆ ಮತ್ತೊಂದು ಪೆಟ್ಟು. ಅಲ್ಲಿ ಮೊದಲು ಬೇಕಾದದ್ದು ವಿಷಕ್ಕೆ ಇಂಜೆಕ್ಷನ್, ಕಾಲು ಸೀಳುವ ಮಾತು ಒತ್ತಡ ಅಳೆದ ಮೇಲೆ. ಉಳುಕಿದ ಕೈಗೆ ಬಿದಿರು ದಬ್ಬೆ ಬಿಗಿದು ಕಟ್ಟಿಸಿಕೊಳ್ಳುವುದು, ಕುಡಿದ ಅಮಲಿನಲ್ಲಿ ಕೈ ಮೈಕೆಳಗೆ ಸಿಕ್ಕಿ ರಾತ್ರಿಯಿಡೀ ಹಾಗೇ ಬಿದ್ದಿರುವುದು, ಸಲಾಯಿನ್ ನರ ಬಿಟ್ಟು ಹೊರಗೆ ಇಳಿಯುವುದು, ರಕ್ತ ತೆಳು ಮಾಡುವ ಗುಳಿಗೆ ನುಂಗುವ ಹಿರಿಯರಿಗೆ ಮಂಚದ ಕಾಲು ತಾಗುವುದು, ಇಷ್ಟರಿಂದಲೂ ಇದು ಬರಬಹುದು.

ಪೆಟ್ಟಿಗೆ ತಕ್ಕುದಲ್ಲದ ನೋವು, ಗುಳಿಗೆಗೂ ಬಗ್ಗದ ನೋವು, ಬೆರಳು ಬಗ್ಗಿಸಿದರೆ ಜೀವ ಹೋದಂತಾಗುವುದು, ಜೋಮು. ಇವು ಕಂಡರೆ ತಡ ಮಾಡಬೇಡಿ. ನಾಡಿ ಸಿಗುತ್ತಿದೆ ಅಂತ ಸುಮ್ನೆ ಕೂರುವುದೂ ತಪ್ಪು, ಎಷ್ಟೋ ಸಲ ಕೊನೆಯವರೆಗೂ ನಾಡಿ ಸಿಗುತ್ತಲೇ ಇರುತ್ತದೆ. ಬಿಗಿದ ಪಟ್ಟಿ ಬಿಚ್ಚಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ದಿಂಬಿಟ್ಟು ಕಾಲು ಎತ್ತರಿಸಲೂ ಬೇಡಿ, ಎದೆಯ ಮಟ್ಟಕ್ಕಿರಲಿ. ಮೂತ್ರ ಕಡು ಕಂದಾದರೆ ಕಿಡ್ನಿಗೂ ಅಪಾಯ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕೋಚಿಂಗ್ ಸೆಂಟರ್‌ನವರು ಓಟದ ತರಬೇತಿಯ ಮೊದಲ ದಿನವೇ ಇಷ್ಟನ್ನು ಹೇಳಲಿ. ಆರೋಗ್ಯ ಇಲಾಖೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ, ಆಶಾ ಕಾರ್ಯಕರ್ತೆಯರಿಗೂ ತಿಳಿಸಲಿ. ಭರ್ತಿಯ ಓಟ ಶುರುವಾಗುವ ಮೊದಲೇ ಇದು ಆಗಬೇಕು.

– ಓದುಗ, ಸಪ್ತಾಪುರ, ಧಾರವಾಡ